ಡೆಲ್ಕೋ ಮೇಲಿನ ವಿಭೂತಿ

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮಲ್ಲಣ್ಣನ ಗ್ಯಾರೇಜು ಇದೆ. ಗ್ಯಾರೇಜು ಅಂದಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಒಂದು ತಗಡಿನ ಶೆಡ್ಡು, ಅದರ ಮುಂದೆ ಬೇವಿನ ಮರ, ಮರದ ಕೆಳಗೆ ಎರಡು ಕಾರು ಒತ್ತಿಕೊಂಡು ನಿಲ್ಲುವಷ್ಟು ಜಾಗ. ಅಷ್ಟೇ. ಆದರೆ ಹೈದರಾಬಾದಿನಲ್ಲಿ ಯಾರ ಮನೆಯಲ್ಲಾದರೂ ಹಳೇ ಫಿಯಟ್ಟೋ ಅಂಬಾಸಿಡರ್ರೋ ಇನ್ನೂ ಉಸಿರಾಡುತ್ತಿದೆ ಎಂದರೆ, ಅದು ಯಾವತ್ತಾದರೊಂದು ದಿನ ಈ ಮರದ ಕೆಳಗೆ ಬಂದು ನಿಂತೇ ಇರುತ್ತದೆ. ಈಗಿನ ಕಾರುಗಳನ್ನು ಮಲ್ಲಣ್ಣ ಮುಟ್ಟುವುದಿಲ್ಲ.

"ಅವಕ್ಕ ಕಂಪ್ಯೂಟರ್ ಹಚ್ಚಿ ನೋಡ್ತಾರ್ರಿ ಬಾಯಾರ. ನಾ ಕಿವಿ ಹಚ್ಚಿ ನೋಡಾಂವ," ಅನ್ನುತ್ತಾನೆ.

ಕಿವಿಯ ಮಾತು ಸುಳ್ಳಲ್ಲ. ನಮ್ಮ ಫಿಯಟ್ಟು ಗಲ್ಲಿಯ ಬಾಯಿಗೆ ಬರುವ ಹೊತ್ತಿಗೇ ಶೆಡ್ಡಿನೊಳಗಿಂದ ಅವನ ಕೂಗು ಕೇಳಿಸುತ್ತಿತ್ತು. "ಮೂರನೇ ಪ್ಲಗ್ ತಪ್ಪಾಕತ್ತೈತಿ, ಹಂಗ ತರ್ರಿ ಒಳಗ!" ಬಿಚ್ಚಿ ನೋಡಿದರೆ ಮೂರನೇ ಪ್ಲಗ್ಗೇ ಕರಿ ಹಿಡಿದಿರುತ್ತಿತ್ತು. ಇಂಥ ಕಿವಿ ಇದ್ದವನಿಗೆ ಬಾಯಿ ಸ್ವಲ್ಪ ಕಡಿಮೆ ಇದ್ದಿದ್ದರೆ ಚೆನ್ನಾಗಿತ್ತು. ಅದು ಕಿವಿಗಿಂತ ದೊಡ್ಡದಿತ್ತು.

ಅವನು ಬಾಯಾರ ಅಂತ ಕರೆಯುವ ನಾನು ಯಾರು ಅಂತ ಹೇಳಿಬಿಡುತ್ತೇನೆ. ಹೆಸರು ಕಮಲಾಕ್ಷಿ, ಊರು ಧಾರವಾಡ. ಯಜಮಾನರು ರಾಮಕೃಷ್ಣ, ಇಲ್ಲಿನ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಫಿಯಟ್ಟು ನಮ್ಮ ಮಾವನವರು ಕೊಂಡದ್ದು. ಯಜಮಾನರ ಕಣ್ಣಿನ ಆಪರೇಷನ್ ಆದಮೇಲೆ ಸ್ಟೇರಿಂಗು ನನ್ನ ಕೈಗೆ ಬಂತು, ಉಪದೇಶ ಮಾತ್ರ ಅವರ ಬಾಯಲ್ಲೇ ಉಳಿಯಿತು. ಹಾಗಾಗಿ ಮಲ್ಲಣ್ಣನ ಗ್ಯಾರೇಜಿನ ಕಬ್ಬಿಣದ ಕುರ್ಚಿಯ ಮೇಲೆ ಕುಳಿತು ನಾನು ಕಳೆದ ಹೊತ್ತು ಕಡಿಮೆಯದಲ್ಲ. ಅಲ್ಲಿ ಕುಳಿತರೆ ಕನ್ನಡ ಕಿವಿಗೆ ಬೀಳುತ್ತದೆ ಎಂಬುದೂ ಒಂದು ಆಸೆ.

ಮಲ್ಲಣ್ಣ ಸೇಡಂ ಕಡೆಯ ಹಳ್ಳಿಯವನು. ಹರೆಯದಲ್ಲಿ ತಂಗಿ ಶಿವಗಂಗಾಳನ್ನು ಕರೆದುಕೊಂಡು ಕಟ್ಟಡ ಕೆಲಸದ ಗುಂಪಿನ ಜೊತೆ ಈ ಊರಿಗೆ ಬಂದ. ಅಣ್ಣ ತಂಗಿ ಇಬ್ಬರೂ ಇಟ್ಟಿಗೆ ಹೊತ್ತರು. ಕಟ್ಟಡದ ಪಕ್ಕದಲ್ಲೇ ಒಬ್ಬ ಉಸ್ತಾದರ ಗ್ಯಾರೇಜಿತ್ತು. ಇಟ್ಟಿಗೆ ಹೊರುತ್ತಲೇ ಅಲ್ಲಿನ ಎಂಜಿನ್ನು ಕೇಳುತ್ತ, "ಉಸ್ತಾದ್, ಇದು ಕೆಮ್ಮಾಕತ್ತೈತಿ," ಅಂತ ಒಂದು ದಿನ ಅಂದನಂತೆ. ಉಸ್ತಾದರು ಇಟ್ಟಿಗೆ ಇಳಿಸಿ, ಬೋಲ್ಟು ಬಿಚ್ಚುವ ಪಾನಾ ಕೈಗೆ ಕೊಟ್ಟರು. ಆಮೇಲೆ ಸುಗಲಮ್ಮ ಎಂಬವಳನ್ನು ಮದುವೆಯಾಗಿ, ತನ್ನದೇ ಶೆಡ್ಡು ಹಾಕಿ, ಊರಿಗೆಲ್ಲ ಬೇಕಾದವನಾದ. ಶಿವಗಂಗಾಳ ನಸೀಬು ಹಾಗಾಗಲಿಲ್ಲ. ಕಟ್ಟಿಕೊಂಡವನು ಗೋಡೆ ಕಟ್ಟುವ ಗೌಂಡಿ, ಬೇರೆ ಊರಿನ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಅವಳು ಅಣ್ಣನ ಮನೆ ಸೇರಿ, ಅಲ್ಲಿಂದ ಗ್ಯಾರೇಜಿಗೂ ಬಂದಳು.

ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಸೀಮೆಎಣ್ಣೆಯ ತಟ್ಟೆಯಲ್ಲಿ ನಟ್ಟು ಬೋಲ್ಟು ತೊಳೆಯುವುದು, ಪ್ಲಗ್ಗಿನ ಕರಿ ಕೆರೆಯುವುದು, ಪಾಲಿಶ್ ಕಾಗದದಿಂದ ಪಾಯಿಂಟು ತಿಕ್ಕುವುದು ಅವಳ ಕೆಲಸ. ಮಾತು ಬಹಳ ಕಡಿಮೆ. ಅಣ್ಣನ ಪಾಲಿಗೆ ಎರಡು ಬಾಯಿ ಹೋದದ್ದರಿಂದ ಅವಳಿಗೆ ಉಳಿಯಲಿಲ್ಲ ಅಂತ ನಾನು ತಮಾಷೆ ಮಾಡುತ್ತಿದ್ದೆ. ಅದಕ್ಕೂ ಅವಳು ಸುಮ್ಮನೆ ನಗುತ್ತಿದ್ದಳು. ಅವಳ ಹಣೆಯ ವಿಭೂತಿ ಮಾತ್ರ ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತಿತ್ತು. ಅಣ್ಣನದು ಸುಣ್ಣದಷ್ಟು ಬೆಳ್ಳಗೆ. ಅವಳದು ಮಾಸಲು, ಕರಿ ಬೆರೆತದ್ದು, ಎಣ್ಣೆಯ ಹೊಳಪಿನದು.

"ಕೈ ತೊಳಕೊಂಡು ಹಚ್ಚಿಕೋ ಅಂದ್ರ ಕೇಳಂಗಿಲ್ಲರಿ ಇಕಿ," ಅಂತ ಮಲ್ಲಣ್ಣ ಬೈಯುತ್ತಿದ್ದ. ಅದಕ್ಕೂ ಅವಳು ನಗುತ್ತಿದ್ದಳು.

ಇನ್ನು ಡೆಲ್ಕೋ ವಿಷಯ. ಹಳೇ ಕಾರಿನ ಎಂಜಿನ್ನಿನ ಪಕ್ಕದಲ್ಲಿ ಡೆಲ್ಕೋ ಅಂತ ಒಂದು ಭಾಗ ಇರುತ್ತದೆ. ಕಾಯಿಲ್‌ನಿಂದ ಬರುವ ಜೋರಾದ ಕರೆಂಟನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವುದು ಅದರ ಕೆಲಸ. ಪ್ಲಗ್ಗಿನಲ್ಲಿ ಕಿಡಿ ಹಾರಿದರೆ ಪೆಟ್ರೋಲು ಹೊತ್ತಿಕೊಂಡು ಗಾಡಿ ಓಡುತ್ತದೆ, ಕಿಡಿ ತಪ್ಪಿದರೆ ಗಾಡಿ ನಿಲ್ಲುತ್ತದೆ. ಈ ಡೆಲ್ಕೋಗೆ ಮೇಲೊಂದು ಕರಿಯ ಮುಚ್ಚಳ. ಅಂಗೈಯಲ್ಲಿ ಹಿಡಿಯುವಷ್ಟು ದುಂಡಗೆ, ನುಣ್ಣಗೆ, ನಡುವೆ ಎದ್ದು ನಿಂತದ್ದು. ಮಲ್ಲಣ್ಣನ ಕಣ್ಣಿಗೆ ಅದು ಲಿಂಗ.

ಹಾಗಾಗಿ ಯಾವ ಗಾಡಿ ರಿಪೇರಿ ಮುಗಿದರೂ ಅವನದೊಂದು ಪದ್ಧತಿ ಇತ್ತು. ಡಬ್ಬಿಯಿಂದ ವಿಭೂತಿ ಗಟ್ಟಿ ತೆಗೆದು, ಅಂಗೈಯಲ್ಲಿ ನೀರು ಹನಿಸಿ ಕಲಸಿ, ಮೂರು ಬೆರಳಿನಿಂದ ಆ ಮುಚ್ಚಳದ ಮೇಲೆ ಅಡ್ಡಡ್ಡ ಮೂರು ಗೆರೆ ಎಳೆಯುವನು. ಕೈಮುಗಿದು, "ಇನ್ನ ಅಪ್ಪ ನೋಡ್ಕೋತಾನ್ರಿ," ಅನ್ನುವನು. ಅಪ್ಪ ಅಂದರೆ ಅವನ ಬಾಯಲ್ಲಿ ಶಿವ. ಆಮೇಲೆ ಗಲ್ಲಿಯ ಮೂಲೆಯ ನಳಕ್ಕೆ ಕೈ ತೊಳೆಯಲು ಹೋಗುವನು. ಬಾನೆಟ್ಟು ಮುಚ್ಚುವುದು ಶಿವಗಂಗಾಳ ಪಾಲು. ಹಿಂದೂ ಮುಸ್ಲಿಂ ಅಂತಿಲ್ಲದೆ ಎಲ್ಲ ಗಿರಾಕಿಗಳೂ ಇದಕ್ಕೆ ಒಗ್ಗಿಹೋಗಿದ್ದರು. ಮಲ್ಲಣ್ಣನ ಗಾಡಿ ನಡುದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ಹೆಸರಿತ್ತು. ಆ ಹೆಸರಿನಲ್ಲಿ ಅರ್ಧ ತನ್ನ ಕಿವಿಯದು, ಅರ್ಧ ಆ ಮೂರು ಗೆರೆಯದು ಅಂತ ಅವನೇ ಹೇಳಿಕೊಳ್ಳುತ್ತಿದ್ದ.

ಈ ಮಳೆಗಾಲದ ಶುರುವಿನಲ್ಲಿ ಒಂದು ದಿನ ನಮ್ಮ ಫಿಯಟ್ಟಿನ ಡೆಲ್ಕೋ ಒಳಗಿನ ಪಾಯಿಂಟು ಬದಲಿಸಲು ಹೋಗಿದ್ದೆವು. ಅಂಬಾಸಿಡರ್ ಇಟ್ಟುಕೊಂಡಿರುವ ಹಲ್ಲಿನ ಡಾಕ್ಟರ್ ಅಮಿತ ಅವರೂ ಇದ್ದರು, ಟೀ ಕುಡಿಯುತ್ತ ಗಲ್ಲಿಯವರೂ ನಾಲ್ಕಾರು ಜನ ನಿಂತಿದ್ದರು. ಮಲ್ಲಣ್ಣ ಕೆಲಸ ಮುಗಿಸಿ, ಮೂರು ಗೆರೆ ಎಳೆದು, ಕೈ ತೊಳೆಯಲು ಹೋದ. ಅವತ್ತು ನಳದಲ್ಲಿ ನೀರು ಬಂದಿರಲಿಲ್ಲ. ಹೋದ ಕಾಲಲ್ಲೇ ತಿರುಗಿ ಬಂದ.

ಬಂದು ನೋಡುತ್ತಾನೆ, ಶಿವಗಂಗಾ ಬಾನೆಟ್ಟಿನೊಳಗೆ ಬಗ್ಗಿ ವಿಭೂತಿ ಒರೆಸುತ್ತಿದ್ದಾಳೆ.

ಅವನ ಮುಖ ಹೇಗಾಯಿತೆಂದರೆ, ಯಾರೋ ಕೆನ್ನೆಗೆ ಬಾರಿಸಿದ ಹಾಗೆ. "ಏನ್ ಮಾಡಾಕತ್ತಿ?" ಅಂದ. ಅವಳು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಪ್ಪನ ಗುರುತು ಒರಸ್ತೀಯೇನ? ಯಾವಾಗಿಂದ ನಡದೈತಿ ಇದು?"

ಅವಳು ನಮ್ಮನ್ನೆಲ್ಲ ಒಂದು ಸಲ ನೋಡಿದಳು. ಆಮೇಲೆ ನೆಲ ನೋಡಿ, "ಮೊದಲಿಂದನೂ," ಅಂದಳು.

"ಯಾಕ?"

"ಹಂಗ."

ಅವತ್ತು ಮಲ್ಲಣ್ಣನ ಬಾಯಿಗೆ ಕಟ್ಟೆಯೇ ಇರಲಿಲ್ಲ. ಗಂಡ ಬಿಟ್ಟುಹೋದವಳಿಗೆ ಅನ್ನ ಹಾಕಿದೆ ಅಂದ. ದೇವರನ್ನು ಒರೆಸುವ ಕೈಯಿಂದ ನನ್ನ ಗಾಡಿ ಮುಟ್ಟಬೇಡ ಅಂದ. ನಿನ್ನ ಗಂಡ ಯಾಕೆ ಓಡಿಹೋದ ಅಂತ ಈಗ ತಿಳಿಯಿತು ಅಂತಲೂ ಅಂದ. ಆ ಮಾತು ಕೇಳಿ ನನ್ನ ಯಜಮಾನರು ಟೀ ಲೋಟ ಕೆಳಗಿಟ್ಟರು. ನನಗೆ ಸುಮ್ಮನಿರಲು ಬರುವುದಿಲ್ಲ. "ಮಲ್ಲಣ್ಣಾ, ಸಾಕು ಮಾಡು," ಅಂದೆ.

"ಬಾಯಾರ, ಇದು ನಮ್ಮ ಮನಿ ಮಾತ," ಅಂತ ನನ್ನನ್ನೂ ಕಡಿದು ಹಾಕಿದ. ಮನೆಯ ಮಾತನ್ನು ಬೀದಿಯಲ್ಲಿ ನಿಂತು ಯಾಕೆ ಆಡಿದ ಅಂತ ಕೇಳಬೇಕು.

ಶಿವಗಂಗಾ ಒರೆಸುತ್ತಿದ್ದ ಅರಿವೆಯನ್ನು ಕೊಡವಲಿಲ್ಲ. ಹಾಗೇ ನೀಟಾಗಿ ಮಡಚಿ ಮಣೆಯ ಮೇಲಿಟ್ಟಳು. ಚಪ್ಪಲಿ ಮೆಟ್ಟಿ ಗಲ್ಲಿಯಿಂದ ಹೊರಟುಹೋದಳು. ಆ ರಾತ್ರಿ ಅಣ್ಣನ ಮನೆಗೂ ಹೋಗಲಿಲ್ಲ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿದು, ಊರ ಕಡೆಯ ಹೆಂಗಸರ ಜೊತೆ ಅಲ್ಲೇ ಬಾಡಿಗೆ ಖೋಲಿ ಮಾಡಿಕೊಂಡಳು ಅಂತ ಆಮೇಲೆ ತಿಳಿಯಿತು.

ಮಲ್ಲಣ್ಣ ಅವಳು ಒರೆಸಿದ ಜಾಗಕ್ಕೆ ಮತ್ತೆ ವಿಭೂತಿ ಹಚ್ಚಿದ. ಈ ಸಲ ದಪ್ಪಗೆ.

ಗಾಡಿಗಳು ಕೈಕೊಡಲು ಶುರುವಾದದ್ದು ಅಲ್ಲಿಂದ. ಬಿಸಿಲಿದ್ದ ದಿನ ನಮ್ಮ ಫಿಯಟ್ಟು ಚೆನ್ನಾಗಿಯೇ ಓಡಿತು. ಜಿಟಿಜಿಟಿ ಮಳೆ ಹಿಡಿದ ಮೊದಲ ಬೆಳಿಗ್ಗೆಯೇ ಸ್ಟಾರ್ಟ್ ಆಗಲು ಒಲ್ಲೆ ಅಂತು. ಮಲ್ಲಣ್ಣ ಮನೆಗೆ ಬಂದು ಕಂಡೆನ್ಸರ್ ಬದಲಿಸಿದ. ಡೆಲ್ಕೋ ಬಿಚ್ಚಿ ಒರೆಸಿ ಜೋಡಿಸಿದ, ಗಾಡಿ ಎದ್ದಿತು. ಮತ್ತೆ ಮೂರು ಗೆರೆ ಎಳೆದು ಹೋದ. ಮುಂದಿನ ಮಳೆಗೆ ಮತ್ತೆ ಮಲಗಿತು. ಕಾಯಿಲ್ ಬದಲಿಸಿದ. ಮತ್ತೆ ಎದ್ದಿತು, ಮತ್ತೆ ಗೆರೆ, ಮತ್ತೆ ಮಲಗಿತು. ಡಾಕ್ಟರ ಅಂಬಾಸಿಡರ್ ಟ್ಯಾಂಕ್‌ಬಂಡ್ ಮೇಲೆ ನಿಂತು ಹಿಂದಿನ ಬಸ್ಸುಗಳೆಲ್ಲ ಹಾರ್ನ್ ಹೊಡೆದವಂತೆ. ಮದುವೆಗೆ ಬಾಡಿಗೆ ಹೋಗಿದ್ದ ಇನ್ನೊಂದು ಹಳೇ ಕಾರನ್ನು ಮದುಮಗನ ಗೆಳೆಯರು ತಳ್ಳಿಕೊಂಡು ಹೋದರಂತೆ.

ಮಲ್ಲಣ್ಣನಿಗೆ ಕಾರಣ ಗೊತ್ತಿತ್ತು. ಅಂದರೆ, ಗೊತ್ತಿದೆ ಅಂದುಕೊಂಡಿದ್ದ.

"ಅಪ್ಪ ಸಿಟ್ಟಾಗ್ಯಾನ್ರಿ. ಅಕಿ ಒರಸಿದ ಕೈ ತಟ್ಟೈತಿ," ಅಂತ ಬಂದ ಬಂದ ಗಿರಾಕಿಗೆಲ್ಲ ಹೇಳಿದ. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ಉಳಿದವರಿಗೆ ಹಿಂದಿಯಲ್ಲಿ. ಗಲ್ಲಿಯ ಇಸ್ತ್ರಿಯವನು, ಟೀ ಅಂಗಡಿಯವನು, ಎಲ್ಲರೂ ಶಿವಗಂಗಾಳ ಕೈಯ ಬಗ್ಗೆ ಮಾತಾಡಿದರು. ದೇವರ ಸಿಟ್ಟು ಇಳಿಸಲು ಅವನು ಹಿಡಿದ ದಾರಿ ಇನ್ನೂ ಒಂದು ಹೆಜ್ಜೆ ಮುಂದೆ. ವಿಭೂತಿಯನ್ನು ಮೊದಲಿಗಿಂತ ದಪ್ಪಗೆ, ಮುಚ್ಚಳದ ತುಂಬ ಬಳಿಯತೊಡಗಿದ. ಗಾಡಿಗಳು ಮೊದಲಿಗಿಂತ ಬೇಗ ನಿಲ್ಲತೊಡಗಿದವು.

ಕಡೆಗೆ ನನ್ನ ಸರದಿಯೂ ಬಂತು. ನನ್ನ ತಂಗಿಯ ಮಗಳು ಸಂಯುಕ್ತಾ ಚೊಚ್ಚಲ ಬಾಣಂತನಕ್ಕೆ ಧಾರವಾಡಕ್ಕೆ ಹೊರಟಿದ್ದಳು. ಕಾಚಿಗೂಡದಲ್ಲಿ ರೈಲು. ಫಿಯಟ್ಟಿನಲ್ಲೇ ಬಿಡುತ್ತೇವೆ ಅಂತ ಯಜಮಾನರ ಹಟ. ನಾಂಪಲ್ಲಿ ಸ್ಟೇಷನ್ನಿನ ಮುಂದೆ, ಸಣ್ಣ ಮಳೆಯಲ್ಲಿ, ಗಾಡಿ ಎರಡು ಸಲ ಬಿಕ್ಕಿ ನಿಂತೇ ಹೋಯಿತು. ತುಂಬಿದ ಬಸುರಿಯನ್ನು, ಅವಳ ಚಕ್ಕುಲಿ ಡಬ್ಬಿಗಳನ್ನು, ದಾರಿಯುದ್ದಕ್ಕೂ "ನಾ ಹೇಳಿದ್ನಲ್ಲ" ಅನ್ನುವ ಯಜಮಾನರನ್ನು ಒಂದು ಆಟೋದಲ್ಲಿ ತುಂಬಿ ಕಳಿಸಿದೆ. ನಾನು ಇಳಕಲ್ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಕಾರು ತಳ್ಳಿದೆ. ಪೊಲೀಸಿನವನು, "ಅಮ್ಮಾ, ಪಕ್ಕಕು ತೀಯಂಡಿ," ಪಕ್ಕಕ್ಕೆ ತೆಗೀರಿ ಅಂತ ತೆಲುಗಿನಲ್ಲಿ ಅಂದಾಗ ನಾನು ಅಂದದ್ದನ್ನು ಇಲ್ಲಿ ಬರೆಯುವುದು ಬೇಡ. ಸಾಮಾನು ಸಾಗಿಸುವ ಟ್ರಾಲಿ ಆಟೋಗೆ ಹಗ್ಗ ಕಟ್ಟಿಸಿ ಗಾಡಿಯನ್ನು ಮಲ್ಲಣ್ಣನ ಶೆಡ್ಡಿಗೆ ಎಳೆಸಿಕೊಂಡು ಹೋದೆ.

"ಇವತ್ತ ಇದು ಯಾಕ ನಿಲ್ತೈತಿ ಅಂತ ತಿಳಿದ ಹೊರತು ನಾ ಇಲ್ಲಿಂದ ಏಳಂಗಿಲ್ಲ," ಅಂತ ಕುರ್ಚಿಯಲ್ಲಿ ಕೂತೆ. ಮಲ್ಲಣ್ಣ ನನ್ನ ಸೀರೆಗೆ ಹತ್ತಿದ ಕೆಸರು ನೋಡಿ ತಲೆ ತಗ್ಗಿಸಿದ. ಬದಲಿಸಬಹುದಾದ್ದನ್ನೆಲ್ಲ ಬದಲಿಸಿ ಮುಗಿದಿತ್ತು.

ಉಸ್ತಾದರು ಕಲಿಸಿದ ಒಂದು ಉಪಾಯ ಮಾತ್ರ ಉಳಿದಿತ್ತು. ಎಲ್ಲ ಭಾಗ ಸರಿಯಿದ್ದೂ ಎಂಜಿನ್ನು ತಪ್ಪುತ್ತಿದ್ದರೆ, ಕರೆಂಟು ಹೊರಗೆಲ್ಲೋ ಸೋರುತ್ತಿದೆ ಅಂತ ಅರ್ಥ. ಹಗಲಿನಲ್ಲಿ ಅದು ಕಾಣದು. ಕತ್ತಲು ಮಾಡಿ ನೋಡಬೇಕು. ಶೆಡ್ಡಿನ ಗೂಟಕ್ಕೆ ಊರಿನಿಂದ ತಂದ ಕರಿ ಕಂಬಳಿ ನೇತುಹಾಕಿತ್ತು. ನನ್ನನ್ನು ಸ್ಟೇರಿಂಗಿಗೆ ಕೂರಿಸಿ ಹೇಗೋ ಗಾಡಿ ಎಬ್ಬಿಸಿ, ಅದು ಎರಡು ಕಾಲಿನಲ್ಲಿ ಕುಂಟಿದ ಹಾಗೆ ಓಡುತ್ತಿರುವಾಗಲೇ ಮಲ್ಲಣ್ಣ ಎತ್ತಿದ ಬಾನೆಟ್ಟಿನ ಮೇಲೆ ಕಂಬಳಿ ಹಾಸಿ, ತಾನೂ ಅದರೊಳಗೆ ತಲೆ ತೂರಿಸಿದ. ಹೊರಗೆ ಕಾಲು ಮಾತ್ರ ಕಾಣುತ್ತಿತ್ತು.

"ಬಾಯಾರ! ಲಗೂನ ಬರ್ರಿ! ಅಪ್ಪ ಬಂದಾನ!" ಅಂತ ಒಳಗಿಂದ ಕೂಗಿದ.

ಎಂಜಿನ್ನು ನಿಲ್ಲದಿರಲೆಂದು ಚೋಕು ಎಳೆದಿಟ್ಟು ಇಳಿದು ಹೋದೆ. ಪೆಟ್ರೋಲು, ಕುರಿಯ ಉಣ್ಣೆ, ಬೆವರು ಎಲ್ಲ ಬೆರೆತ ವಾಸನೆಯ ಆ ಕತ್ತಲಲ್ಲಿ ತಲೆ ಹಾಕಿದೆ. ನೋಡುತ್ತೇನೆ, ಡೆಲ್ಕೋ ಮುಚ್ಚಳದ ಮೇಲೆ ಮೂರು ಗೆರೆಗಳು ಉರಿಯುತ್ತಿವೆ! ನೀಲಿ ಬಣ್ಣದಲ್ಲಿ, ಚಿಟಿಚಿಟಿ ಸದ್ದು ಮಾಡುತ್ತ, ಈ ಅಂಚಿನಿಂದ ಆ ಅಂಚಿಗೆ ಓಡುತ್ತಿವೆ. ದೇವರ ವಿಷಯದಲ್ಲಿ ನಾನು ಅಷ್ಟೇನೂ ಕರಗುವವಳಲ್ಲ, ಆದರೂ ಮೈಮೇಲೆ ಮುಳ್ಳೆದ್ದವು. ಮಲ್ಲಣ್ಣ ಪಕ್ಕದಲ್ಲಿ ಕೈಮುಗಿದು ನಡುಗುತ್ತಿದ್ದ.

"ನೋಡಿದ್ರ್ಯಾ? ನಾ ಹಚ್ಚಿದ ಗೆರಿರೀ ಅವು. ಅಪ್ಪ ಒಲದಾನ..."

ಗೆರೆ ಜಗ್ಗನೆ ಹೊತ್ತಿತು. ಎಂಜಿನ್ನು ಬಿಕ್ಕಿತು. ಮತ್ತೆ ಹೊತ್ತಿತು, ಮತ್ತೆ ಬಿಕ್ಕಿತು. ನೀಲಿ ಬೆಳಕು ಓಡಿದಾಗಲೆಲ್ಲ ಅದೇ ಕ್ಷಣಕ್ಕೆ ಒಂದು ಬಿಕ್ಕು. ನನ್ನಂಥವಳ ಕಿವಿಗೇ ಅದು ಗೊತ್ತಾಯಿತು, ಇನ್ನು ಅವನ ಕಿವಿಗೆ! ನನ್ನ ಭುಜಕ್ಕೆ ತಾಗಿದ್ದ ಅವನ ಭುಜದ ನಡುಕ ನಿಂತುಹೋಯಿತು.

"ಬಂದ್ ಮಾಡ್ರಿ," ಅಂದ. ಆ ದನಿ ಅವನದಾಗಿರಲಿಲ್ಲ.

ಎಂಜಿನ್ನು ನಿಲ್ಲಿಸಿದೆ. ಅವನು ಕಂಬಳಿಯಿಂದ ಹೊರಬಂದು ಸುತ್ತ ಹುಡುಕಿದ. ಬಾಗಿಲ ಹತ್ತಿರದ ಮಣೆಯ ಮೇಲೆ ಆ ಅರಿವೆ ಅವಳು ಮಡಚಿಟ್ಟ ಹಾಗೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅದನ್ನು ತಂದು ಮುಚ್ಚಳದ ಮೇಲಿನ ಗೆರೆಗಳನ್ನು ಒರೆಸಿದ. ಕಂಬಳಿಯೊಳಗೆ ಮತ್ತೆ ತಲೆ ಹಾಕಿ, "ಚಾಲೂ ಮಾಡ್ರಿ," ಅಂದ.

ಕೀಲಿ ತಿರುಗಿಸುವುದೇ ತಡ, ಫಿಯಟ್ಟು ಎದ್ದು ಹೊಲಿಗೆ ಯಂತ್ರದ ಹಾಗೆ ಹಾಡತೊಡಗಿತು. ಒಂದು ಬಿಕ್ಕಿಲ್ಲ, ಒಂದು ಕೆಮ್ಮಿಲ್ಲ. ವಿಭೂತಿ ಅಂದರೆ ಬೂದಿ. ಒಣಗಿದ್ದಾಗ ಸುಮ್ಮನಿರುತ್ತದೆ, ಮಳೆಗಾಲದ ತಂಪು ಕುಡಿದರೆ ಅದರ ಮೇಲೆ ಕರೆಂಟು ಹರಿಯುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದೇವರ ಗೆರೆಯ ಮೇಲೆ ಓಡಾಡಿ ಮುಗಿಯುತ್ತಿತ್ತು. ಇಷ್ಟು ವರ್ಷ ಅದು ಯಾಕೆ ಓಡಾಡಲಿಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮಲ್ಲಣ್ಣ ಕಂಬಳಿಯಿಂದ ಹೊರಗೆ ಬರಲಿಲ್ಲ. ನಾನು ಎಂಜಿನ್ನು ನಿಲ್ಲಿಸಲು ಕೈ ಚಾಚಿದೆ.

"ಬ್ಯಾಡ್ರಿ ಬಾಯಾರ. ಹಂಗ ಓಡಲಿ," ಅಂದ.

ಎಂಜಿನ್ನಿನ ಸದ್ದಿನಡಿ ಅವನು ಅಳುತ್ತಿದ್ದ. ಟೀ ಅಂಗಡಿಯವನಿಗೆ ಕೇಳಬಾರದೆಂದು ಗಾಡಿ ಓಡಲಿ ಅಂದದ್ದು. "ಮೊದಲಿಂದನೂ ಅಂದಿದ್ಲರಿ ಅಕಿ," ಅಂತ ಒಳಗಿಂದ ಕೇಳಿಸಿತು.

ಆಮೇಲಿನ ದಿನಗಳಲ್ಲಿ ಮಲ್ಲಣ್ಣ ಗಿರಾಕಿಗಳನ್ನೆಲ್ಲ ಕರೆದು ಅವರ ಗಾಡಿಗಳ ವಿಭೂತಿ ಒರೆಸಿದ. ಗಾಡಿಗಳೆಲ್ಲ ನೆಟ್ಟಗಾದವು. ಯಾಕೆ ಕೆಟ್ಟಿದ್ದವು ಅಂತ ಕೇಳಿದರೆ, "ಈಗ ಸರಿ ಆಗೈತಲ್ರಿ," ಅಂತ ಮುಖ ತಿರುಗಿಸುತ್ತಿದ್ದ. ಬಾನೆಟ್ಟಿನ ಹಿಂದೆ ಬಗ್ಗಿದವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇರುತ್ತಿದ್ದ. ಗಲ್ಲಿಯ ಮಂದಿಯ ಬಾಯಲ್ಲಿ ಶಿವಗಂಗಾಳ ಕೈ ಇನ್ನೂ ಕೆಟ್ಟ ಕೈಯಾಗಿಯೇ ಉಳಿದಿತ್ತು. ನನಗೆ ರೇಗಿತು.

"ಖರೇ ಏನು ಅಂತ ಮಂದಿಗೆ ಹೇಳಿದ್ಯಾ?"

"ಹೆಂಗ ಹೇಳಲಿರಿ? ನಾಲಿಗಿ ಏಳವಲ್ಲದು."

"ಅಕಿಗೆ ಬೈಯಾಕ ಹೆಂಗ ಎದ್ದಿತ್ತು?"

ಅವನು ಕೈಯಲ್ಲಿದ್ದ ಪಾನಾವನ್ನು ತಿರುಗಿಸುತ್ತ ನಿಂತ.

ಅಷ್ಟರಲ್ಲಿ ನಾಗರ ಪಂಚಮಿ ಹತ್ತಿರ ಬಂತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ, ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಅಣ್ಣನಿಗೆ ಮುಖ ಇರಲಿಲ್ಲ. ಹಬ್ಬದ ಸಿಹಿ ಉಂಡಿಯ ಡಬ್ಬಿ ಕೊಟ್ಟು ಹೆಂಡತಿಯನ್ನು ಪಟಾನ್‌ಚೆರುವಿಗೆ ಅಟ್ಟಿದ. ಸುಗಲಮ್ಮ ಒಯ್ದ ಡಬ್ಬಿಯನ್ನು ಹಾಗೇ ತಿರುಗಿ ತಂದು, ಗ್ಯಾರೇಜಿನಲ್ಲಿ ನನ್ನ ಎದುರಿಗೇ ಗಂಡನ ಕಾಲ ಬಳಿ ಇಟ್ಟಳು.

"ಅಕಿ ಒಂದು ಮಾತ ಕೆಟ್ಟದ್ದು ಅನ್ಲಿಲ್ಲ. ಅಣ್ಣ ಆರಾಮ ಅದಾನೇನು ಅಂತ ಕೇಳಿದ್ಲು, ಡಬ್ಬಿ ಮುಟ್ಟಲಿಲ್ಲ. ನಾಕ ಮಂದಿ ಮುಂದ ಹೊರಗ ಹಾಕಿದಿ. ಕಳ್ಳರಂಗ ಹೆಂಡ್ತಿನ ಕಳಿಸ್ತೀಯಲ್ಲ, ಗಂಡಸು ಹೌದೋ ಅಲ್ಲೋ ನೀನು?" ಅಂದವಳು, ನಾನಿದ್ದೇನೆಂದು ನೆನಪಾಗಿ ಸೆರಗು ಎಳೆದುಕೊಂಡಳು. ನಾನು ಬೇರೆ ಕಡೆ ನೋಡಿದ ಹಾಗೆ ಮಾಡಿದೆ.

ಮರುದಿನ ಮಲ್ಲಣ್ಣ ನಮ್ಮ ಮನೆಗೆ ಬಂದ. ಗೇಟಿನ ಹೊರಗೇ ನಿಂತು, "ನನ್ನ ಪಟಾನ್‌ಚೆರುಗೆ ಕರಕೊಂಡ ಹೋಗ್ರಿ ಬಾಯಾರ. ಒಬ್ಬನ ಹೋದ್ರ ಅರ್ಧಾ ದಾರಿಗೆ ಬಸ್ ಇಳದು ಓಡಿ ಬರ್ತೀನಿ," ಅಂದ.

"ಬರ್ತೀನಿ. ಆದ್ರ ನಿನ್ನ ಪರವಾಗಿ ನಾ ಒಂದು ಮಾತೂ ಆಡಂಗಿಲ್ಲ," ಅಂದೆ. ನನಗೆ ಅದು ಎಷ್ಟು ಕಷ್ಟ ಅಂತ ಯಜಮಾನರಿಗೆ ಗೊತ್ತು. ಅವರು ನಕ್ಕರು.

ಪಟಾನ್‌ಚೆರುವಿನಲ್ಲಿ ಖೋಲಿಗಳ ಸಾಲು ಹುಡುಕಿಕೊಂಡು ಹೋದಾಗ ಮಳೆ ಹನಿಯುತ್ತಿತ್ತು. ಪಾಳಿ ಮುಗಿಸಿ ಬಂದ ಹೆಂಗಸರು ಮುಖ ತೊಳೆಯುತ್ತ, ಒಣ ಹಾಕಿದ ಬಟ್ಟೆ ಎತ್ತುತ್ತ ಓಡಾಡುತ್ತಿದ್ದರು. ಹಳೇ ಕಾರು ನೋಡಿ ಎಲ್ಲರೂ ನಿಂತರು. ಶಿವಗಂಗಾ ಕೊನೆಯ ಖೋಲಿಯಿಂದ ಹೊರಬಂದಳು. ಸ್ವಲ್ಪ ಇಳಿದಿದ್ದಳು. ಹಣೆಯ ವಿಭೂತಿ ಈಗ ಬೆಳ್ಳಗಿತ್ತು. ಗ್ಯಾರೇಜಿನ ಕೆಲಸ ಬಿಟ್ಟಮೇಲೆ ಗ್ರೀಸು ಎಲ್ಲಿಂದ ಬರಬೇಕು ಅಂದುಕೊಂಡೆ.

"ಯಣ್ಣಾ," ಅಂದಳು. "ಮಳ್ಯಾಗ ಯಾಕ ನಿಂತಿ? ಗಾಡಿ ಎಲ್ಲಾ ಸರಿ ಓಡಾಕತ್ತಾವಿಲ್ಲೋ?"

ಮಲ್ಲಣ್ಣ ಬಾಯಿ ತೆರೆದ. ಮಾತು ಹೊರಡಲಿಲ್ಲ. ಹೆಂಗಸರೆಲ್ಲ ನೋಡುತ್ತಿದ್ದರು. ನಾನು ಮಾತಾಡುವುದಿಲ್ಲವೆಂದು ಮಾತು ಕೊಟ್ಟಿದ್ದೆನಲ್ಲ, ತುಟಿ ಕಚ್ಚಿಕೊಂಡು ನಿಂತೆ.

ಕಡೆಗೆ ಅವನು ತಿರುಗಿ ಫಿಯಟ್ಟಿನ ಬಾನೆಟ್ಟು ಎತ್ತಿದ. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಮಳೆನೀರಿಗೆ ಅಂಗೈ ಒಡ್ಡಿ ಕಲಸಿ, ಕರಿ ಮುಚ್ಚಳದ ಮೇಲೆ ಮೂರು ಗೆರೆ ಎಳೆದ. ಇನ್ನೊಂದು ಜೇಬಿನಿಂದ ಆ ಹಳೇ ಅರಿವೆ ತೆಗೆದು ತಂಗಿಯ ಮುಂದೆ ಹಿಡಿದ.

"ಒರಸವ್ವಾ," ಅಂದ. ಆಮೇಲೆ ಹೆಂಗಸರ ಕಡೆ ತಿರುಗಿ, ಅವರೆಲ್ಲ ತನ್ನ ಹಿರಿಯರೇನೋ ಎಂಬಂತೆ, "ನಾ ಹಚ್ಚಿದ್ದರಿಂದ ಗಾಡಿ ಕೆಡತಿದ್ವು. ಇಕಿ ಒರಸಿದ್ದಕ್ಕ ಓಡತಿದ್ವು. ನನಗ ಹೆಸರು ಬಂದಿದ್ದು ಇಕಿ ಒರಸಿದ್ದಕ್ಕ. ಅದನ್ನ ನೋಡಿ ನಾ ಇಕಿನ್ನ ಬೀದ್ಯಾಗ ನಿಂದರ್ಸಿ ಬೈದೆ, ಇಕಿ ಕೈ ಕೆಟ್ಟದ್ದು ಅಂತ ಊರತುಂಬ ಹೇಳಿದೆ. ಆಡಬಾರದ ಮಾತ ಆಡಿದೆ," ಅಂದ.

ಶಿವಗಂಗಾ ಅರಿವೆ ತೆಗೆದುಕೊಂಡಳು. ಆದರೆ ಅದರಿಂದ ಒರೆಸಲಿಲ್ಲ, ಹೆಗಲ ಮೇಲೆ ಹಾಕಿಕೊಂಡಳು. ಬಾನೆಟ್ಟಿನೊಳಗೆ ಬಗ್ಗಿ ತನ್ನ ಮೂರು ಬೆರಳುಗಳಿಂದ ಆ ಗೆರೆಗಳನ್ನು ಒಂದು ಕಣವೂ ಬೀಳದ ಹಾಗೆ ಬಳಿದು ತೆಗೆದಳು. ಬೆರಳಿಗೆ ಬಂದ ಬೂದಿಯನ್ನು, ಎಂಜಿನ್ನಿನ ಕರಿ ಎಣ್ಣೆಯ ಸಮೇತ, ತನ್ನ ಹಣೆಗೆ ಹಚ್ಚಿಕೊಂಡಳು. ಆಮೇಲೆ ಅರಿವೆಯಿಂದ ಮುಚ್ಚಳದ ತೇವ ಒತ್ತಿ ತೆಗೆದಳು. ಇದೆಲ್ಲ ಎಷ್ಟು ಸಲೀಸಾಗಿ ನಡೆಯಿತೆಂದರೆ, ಅವಳ ಕೈ ಇದನ್ನು ಬಿಟ್ಟು ಬೇರೇನನ್ನೂ ಕಲಿತಿರಲಿಲ್ಲವೇನೋ ಅನ್ನಿಸಿತು. ಹಣೆಯ ವಿಭೂತಿ ಮತ್ತೆ ಮಾಸಲು ಬಣ್ಣಕ್ಕೆ ಬಂದಿತ್ತು.

ಮಲ್ಲಣ್ಣ ಅವಳ ಹಣೆಯನ್ನೇ ನೋಡಿದ. ಕೈ ತೊಳೆದುಕೊಂಡು ಹಚ್ಚಿಕೋ ಅಂತ ಇಷ್ಟು ವರ್ಷ ಬೈದದ್ದೆಲ್ಲ ಅವನಿಗೆ ಆ ಕ್ಷಣ ನೆನಪಾಗಿರಬೇಕು. ಗಾಡಿಯ ಬಂಪರ್ ಹಿಡಿದು ಕೆಸರಿನಲ್ಲೇ ಕುಸಿದು ಕುಳಿತ.

"ಏಳಣ್ಣಾ, ಮಂದಿ ನೋಡಾಕತ್ತಾರ," ಅಂದಳು ಶಿವಗಂಗಾ. "ಅಪ್ಪನ ಬೂದಿ ನೆಲಕ್ಕ ಬೀಳಬಾರದಲ್ಲ. ಅದಕ್ಕ ಹಚ್ಕೊತಿದ್ದೆ."

"ಅವತ್ತ ಯಾಕ ಹೇಳಲಿಲ್ಲವ್ವಾ?"

"ಹೆಂಗ ಹೇಳಲಿ? ಗಿರಾಕಿ ಇದ್ರು."

ಅವಳೇ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಅಣ್ಣ ಮತ್ತೆ ತಂದಿದ್ದ ಉಂಡಿ ಡಬ್ಬಿ ಇಸಿದುಕೊಂಡು ಅಲ್ಲಿದ್ದ ಹೆಂಗಸರಿಗೆಲ್ಲ ಹಂಚಿದಳು, ನನಗೂ ಒಂದು ಕೊಟ್ಟಳು.

"ಪಂಚಮಿಗೆ ಬರ್ತೀನಿ, ಜೋಕಾಲಿ ಕಟ್ಟು," ಅಂದಳು. "ಅಂಗಡಿಗೆ ಮಾತ್ರ ಬರಂಗಿಲ್ಲಣ್ಣಾ. ಇಲ್ಲಿ ನನ್ನ ಯಾರೂ ಏನೂ ಅನ್ನಂಗಿಲ್ಲ."

ಅವಳು ಸಿಟ್ಟಿನಿಂದ ಅಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ವಾಪಸು ಬರುವಾಗ ಮಲ್ಲಣ್ಣ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದ. ಎಂಜಿನ್ನು ಒಂದು ಸಲವೂ ತಪ್ಪಲಿಲ್ಲ.

ಹೇಳಿದ ಹಾಗೆ ಪಂಚಮಿಗೆ ಬಂದಳು, ಜೋಕಾಲಿ ಆಡಿದಳು, ಹೋದಳು. ಬಾಗಿಲ ಹತ್ತಿರದ ಮಣೆ ಈಗಲೂ ಖಾಲಿಯಾಗಿಯೇ ಇದೆ. ಮಲ್ಲಣ್ಣ ಈಗಲೂ ರಿಪೇರಿ ಮುಗಿದ ಗಾಡಿಗೆ ಮೂರು ಗೆರೆ ಎಳೆಯುತ್ತಾನೆ, ಕೈಮುಗಿಯುತ್ತಾನೆ. ಆಮೇಲೆ ಬೆರಳಿನಿಂದ ಅದನ್ನೆಲ್ಲ ಬಳಿದು ತನ್ನ ಹಣೆಗೆ ಹಚ್ಚಿಕೊಂಡು, ಅರಿವೆಯಿಂದ ಮುಚ್ಚಳ ಒರೆಸಿ ಬಾನೆಟ್ಟು ಹಾಕುತ್ತಾನೆ. ಸುಣ್ಣದಂಥ ವಿಭೂತಿ ಈಗ ಅವನ ಹಣೆಯಲ್ಲಿಲ್ಲ, ಕರಿ ಬೆರೆತದ್ದಿದೆ. ಹೊಸ ಗಿರಾಕಿಗಳು ಅದನ್ನು ನೋಡಿ, ಕೈ ತೊಳೆದುಕೊಂಡು ಹಚ್ಚಿಕೊಳ್ಳಬಾರದೇ ಅಂತ ಕೇಳುತ್ತಾರೆ.

"ಒರಸಾಕ ತಂಗಿ ಇದ್ಲರಿ," ಅನ್ನುತ್ತಾನೆ, ಗಲ್ಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ನಾನ ಹೊರಗ ಹಾಕಿದೆ."